ನಗಿಸುವುದೂ ಒಂದು ಕಾಯಕ: ರಂಗಭೂಮಿ, ಬೆಳ್ಳಿತೆರೆಗಳ ನಟ ಗುಬ್ಬಿ ವೀರಣ್ಣನವರು

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರ ಹೆಸರುಗಳನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಎನ್ನುವಾಗ ಹೆಸರಿನೊಡನೆಯೇ ಅವರವರ ಕಾಯಕವೂ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು ಮುಂತಾದವು ಊರಿಗೆ ಬೇಕಾದ ಕೆಲಸಗಳೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅದೇ ಸಾಲಿನಲ್ಲಿ ಇನ್ನೂ ಕೆಲವು ಹೆಸರುಗಳಿವೆ. ಬಹುರೂಪಿ ಚೌಡಯ್ಯನವರು ವೇಷ ತೊಟ್ಟು ಆಡಿ ತೋರಿಸುವವರು. ಕಿನ್ನರಿ ಬೊಮ್ಮಯ್ಯನವರು ಕಿನ್ನರಿ ನುಡಿಸುವವರು. ನಗೆಮಾರಿತಂದೆಯವರಂತೂ ಜನರನ್ನು ನಗಿಸುವುದನ್ನೇ ಕಾಯಕವಾಗಿ ಉಳ್ಳವರು. 'ಆತುರವೈರಿ ಮಾರೇಶ್ವರ' ಎಂಬ ಅಂಕಿತದಲ್ಲಿ ಅವರ ವಚನಗಳು ಇಂದಿಗೂ ನಮಗೆ ಲಭ್ಯವಾಗಿವೆ.

ನಗಿಸುವವನಿಗೂ ಶರಣರ ಪಂಕ್ತಿಯಲ್ಲಿ ಸ್ಥಾನವಿತ್ತು ಎಂಬುದನ್ನು ನಮ್ಮ ಮನೆಗಳಲ್ಲಿ ಎಷ್ಟು ಜನ ನೆನೆಯುತ್ತೇವೆ? ನಾಟಕದವರಿಗೆ ಬಾಡಿಗೆಗೆ ಮನೆ ಕೊಡಬಾರದು, ಹೆಣ್ಣು ಕೊಡಬಾರದು ಎಂಬ ಮಾತು ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿತ್ತು. ರಾತ್ರಿ ಆಟ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರೇ ಹಗಲಿನಲ್ಲಿ ಆ ನಟನನ್ನು ಜಗಲಿಯ ಮೇಲೆ ಕೂರಿಸಲು ಹಿಂಜರಿಯುತ್ತಿದ್ದರು. ಇಂಥ ಕಾಲದಲ್ಲಿ ಹುಟ್ಟಿ, ಹಾಸ್ಯಪಾತ್ರಗಳಿಂದಲೇ ನಾಡಿನ ಮನ್ನಣೆಗೆ ಪಾತ್ರರಾಗಿ, ಕೊನೆಗೆ ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟವರು ಗುಬ್ಬಿ ವೀರಣ್ಣನವರು. ಆ ಹೆಸರು ಬರಿಯ ಅಲಂಕಾರದ ಮಾತೇ, ಅವರ ಬದುಕಿಗೆ ಅದು ನಿಜವಾಗಿ ಒಪ್ಪುತ್ತದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಗುಬ್ಬಿಯ ನೆಲ

ತುಮಕೂರು ಜಿಲ್ಲೆಯ ಗುಬ್ಬಿ ನಮ್ಮವರಿಗೆ ಹೊಸ ಊರಲ್ಲ. ಗೋಸಲ ಚನ್ನಬಸವೇಶ್ವರರ ಸನ್ನಿಧಿ ಅಲ್ಲಿದೆ. 'ಭಾವಚಿಂತಾರತ್ನ', 'ವೀರಶೈವಾಮೃತ ಪುರಾಣ'ಗಳನ್ನು ರಚಿಸಿದ ಮಲ್ಲಣಾರ್ಯರು ಗುಬ್ಬಿಯವರೆಂದೇ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧರು. ಪುರಾಣ ಪ್ರವಚನ, ಭಜನೆ, ಬಯಲಾಟಗಳು ಬೆರೆತ ಆ ಸೀಮೆಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಚಂದಣ್ಣನವರೂ ಅಬ್ದುಲ್ ಅಜೀಜ್ ಸಾಹೇಬರೂ ಪ್ರಮುಖರು. ಮಂಡಳಿಗೆ ಇಟ್ಟ ಹೆಸರು ಊರ ಆರಾಧ್ಯರದೇ: ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಲಿಂಗವಂತರೂ ಮುಸಲ್ಮಾನರೂ ಒಂದಾಗಿ ನಿಂತು ಶರಣರ ಹೆಸರಿನಲ್ಲಿ ಕಲಾಸಂಸ್ಥೆಯೊಂದನ್ನು ಕಟ್ಟಿದರೆಂಬ ಸಂಗತಿ ಇಂದಿನ ದಿನಗಳಲ್ಲಿ ಮತ್ತೆ ಮತ್ತೆ ನೆನೆಯತಕ್ಕದ್ದು.

ಹಂಪಣ್ಣನವರ ಮಗ ವೀರಣ್ಣ ಜನಿಸಿದ್ದು 1891ರಲ್ಲಿ. ಆರೇಳು ವರ್ಷದ ಬಾಲಕನಾಗಿರುವಾಗಲೇ ಈ ಮಂಡಳಿಯನ್ನು ಸೇರಿ ಬಾಲಪಾತ್ರಗಳನ್ನು ವಹಿಸತೊಡಗಿದರು. ಶಾಲೆಯ ಓದಿಗಿಂತ ರಂಗದ ಓದೇ ಅವರಿಗೆ ಹೆಚ್ಚಾಗಿ ಒದಗಿತು. ಆ ಕಾಲದ ಕಂಪನಿಗಳಲ್ಲಿ ಹುಡುಗನಿಗೆ ಪಾಠವೆಂದರೆ ಬೆಳಿಗ್ಗೆ ಹಾರ್ಮೋನಿಯಂ ಮುಂದೆ ಕುಳಿತು ಸ್ವರ ಹಿಡಿಯುವುದು, ಮಧ್ಯಾಹ್ನ ಮಾತು ಕಂಠಪಾಠ ಮಾಡುವುದು, ರಾತ್ರಿ ಪರದೆಯ ಬದಿಯಲ್ಲಿ ನಿಂತು ಹಿರಿಯರ ಅಭಿನಯವನ್ನು ಕಣ್ಣೆವೆಯಿಕ್ಕದೆ ನೋಡುವುದು. ಮೈಕು ಇಲ್ಲದ ದಿನಗಳಲ್ಲಿ ಕಡೆಯ ಸಾಲಿನ ಪ್ರೇಕ್ಷಕನಿಗೂ ಮಾತು ಸ್ಪಷ್ಟವಾಗಿ ಕೇಳಬೇಕಿತ್ತು. ಈ ಗುರುಕುಲದಲ್ಲಿ ಬೆಳೆದ ಹುಡುಗ 1917ರಲ್ಲಿ ಕಂಪನಿಯ ಒಡೆತನವನ್ನೇ ವಹಿಸಿಕೊಂಡರು.

ಒಡೆಯನಿಗೆ ಕಳ್ಳನ ಪಾತ್ರ

ವೀರಣ್ಣನವರ ವೈಶಿಷ್ಟ್ಯ ಇಲ್ಲಿಂದಲೇ ತೋರತೊಡಗುತ್ತದೆ. ಕಂಪನಿಯ ಒಡೆಯನಾದವನು ಯಾವ ಪಾತ್ರವನ್ನು ಬೇಕಾದರೂ ತನಗಾಗಿ ಇಟ್ಟುಕೊಳ್ಳಬಹುದಾಗಿತ್ತು. ರಾಜನ ಕಿರೀಟ, ನಾಯಕನ ಹಾಡು, ದೇವರ ಪ್ರಭಾವಳಿ ಇವುಗಳಿಗೆ ಜನ ಕೈಮುಗಿಯುತ್ತಿದ್ದ ಕಾಲವದು. ಅವರಿಗೆ ಶಾಶ್ವತ ಕೀರ್ತಿಯನ್ನು ತಂದದ್ದಾದರೋ 'ಸದಾರಮೆ' ನಾಟಕದ ಕಳ್ಳನ ಪಾತ್ರ.

ಕಥೆ ಹಿರಿಯರಿಗೆಲ್ಲ ತಿಳಿದದ್ದೇ. ವರ್ತಕನ ಮನೆಯ ಹೆಣ್ಣು ಸದಾರಮೆ. ಅವಳ ಕೈಹಿಡಿಯಲು ರಾಜಕುಮಾರನು ರಾಜ್ಯವನ್ನೇ ತೊರೆಯುತ್ತಾನೆ. ಆ ಬಳಿಕ ಗಂಡನಿಂದ ಅಗಲಿದ ಸದಾರಮೆ ಕಾಡಿನಲ್ಲಿ ಕಳ್ಳನೊಬ್ಬನ ಕೈಗೆ ಸಿಕ್ಕುತ್ತಾಳೆ. ಅವಳನ್ನು ಹೆಂಡತಿಯಾಗಿಸಿಕೊಳ್ಳಬೇಕೆಂಬುದು ಅವನ ಹಂಬಲ. ಹೆಣ್ಣು ತನ್ನ ಬುದ್ಧಿಯೊಂದನ್ನೇ ನೆಚ್ಚಿ ಮಾನವನ್ನು ಉಳಿಸಿಕೊಳ್ಳಬೇಕು.

ಈ ಸನ್ನಿವೇಶವನ್ನು ಒಂದಿಷ್ಟು ಯೋಚಿಸಿ ನೋಡಿ. ನಟನು ಕಳ್ಳನನ್ನು ಕ್ರೂರನನ್ನಾಗಿ ಮಾಡಿದರೆ ದೃಶ್ಯವು ಭಯಾನಕವಾಗುತ್ತದೆ, ಹೆಣ್ಣುಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವನನ್ನು ಬರಿಯ ಕೋಡಂಗಿಯನ್ನಾಗಿ ಮಾಡಿದರೆ ಸದಾರಮೆಗೆ ಅಪಾಯವೇ ಇಲ್ಲವೆಂದಾಗಿ ಅವಳ ಜಾಣ್ಮೆಗೆ ಬೆಲೆಯಿಲ್ಲದಂತಾಗುತ್ತದೆ. ಜನ ಅವನನ್ನು ಕಂಡು ನಗಬೇಕು, ಅದೇ ಹೊತ್ತಿಗೆ ಅವಳಿಗಾಗಿ ಮರುಗಬೇಕು. ಹಾಸ್ಯ ಕರುಣೆಗಳೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಕೆಲಸ ಕಿರೀಟ ಧರಿಸಿ ಕಂದಪದ್ಯ ಹಾಡುವುದಕ್ಕಿಂತ ಎಷ್ಟೋ ಕಠಿಣವಾದುದು. ವೀರಣ್ಣನವರು ಇದನ್ನು ಸಾಧಿಸಿದ್ದರಿಂದಲೇ 'ಸದಾರಮೆ' ಎಂದೊಡನೆ ಜನರಿಗೆ ನಾಯಕನಿಗಿಂತ ಮೊದಲು ಕಳ್ಳನ ನೆನಪಾಗುವಂತಾಯಿತು.

ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಜಾತ್ರೆಯ ನಾಟಕಕ್ಕೆ ಪಾತ್ರ ಹಂಚುವ ದಿನ ಎಲ್ಲ ಹುಡುಗರೂ ರಾಜನ ಪಾತ್ರವನ್ನೇ ಕೇಳುತ್ತಿದ್ದರು. ಸೇವಕನ ಪಾತ್ರ ಬಂದವನ ಮುಖ ಸಪ್ಪಗಾಗುತ್ತಿತ್ತು. ಲೋಕದಲ್ಲಿಯೂ ಹೀಗೆಯೇ. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ವೇದಿಕೆಯ ಮೇಲೆ ಹೇಳುವುದು ಸುಲಭ, ಪಾತ್ರ ಹಂಚುವಾಗ ಅದನ್ನು ಒಪ್ಪುವುದು ಕಷ್ಟ. ಹಂಚುವ ಅಧಿಕಾರ ಕೈಯಲ್ಲಿದ್ದೂ ಕಳ್ಳನ ವೇಷವನ್ನು ಧರಿಸಿದವರಿಗೆ ಕಾಯಕದ ಮೊದಲ ಪರೀಕ್ಷೆಯಲ್ಲಿ ಪೂರ್ಣ ಅಂಕಗಳು ಸಲ್ಲಬೇಕು.

ಮಣ್ಣಿನ ರಂಗದಿಂದ ಬೆಳ್ಳಿತೆರೆಗೆ

ಕಂಪನಿ ಬೆಳೆಯಿತು. ಕನ್ನಡ ನಾಡಿನಲ್ಲಷ್ಟೇ ಅಲ್ಲದೆ ತೆಲುಗು, ತಮಿಳು ಸೀಮೆಗಳಲ್ಲಿಯೂ ಅದು ಬೀಡುಬಿಟ್ಟಿತು. ವೀರಣ್ಣನವರಿಗೆ 'ನಾಟಕರತ್ನ', 'ಕರ್ನಾಟಕಾಂಧ್ರ ನಾಟಕ ಸಾರ್ವಭೌಮ' ಎಂಬ ಬಿರುದುಗಳು ಸಂದವು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಸುಂದರಮ್ಮ, ಬಿ. ಜಯಮ್ಮ ಮುಂತಾದ ಕಲಾವಿದೆಯರು ಈ ರಂಗದಲ್ಲಿ ಗೌರವದಿಂದ ಬೆಳಗಿದರು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮನವರನ್ನು ಅನುಭವ ಮಂಟಪದಲ್ಲಿ ಕಂಡ ಪರಂಪರೆಗೆ ಇದು ತಕ್ಕುದೇ ಆಗಿತ್ತು.

1934ರಲ್ಲಿ ರಂಗಕ್ಕೆ ಬಂದ 'ಕುರುಕ್ಷೇತ್ರ' ನಾಟಕವನ್ನು ಕುರಿತು ಹಿರಿಯರು ಇಂದಿಗೂ ಬೆರಗಿನಿಂದ ಮಾತನಾಡುತ್ತಾರೆ. ನಿಜವಾದ ಆನೆ, ಕುದುರೆ, ರಥಗಳನ್ನೇ ರಂಗದ ಮೇಲೆ ತಂದ ಆ ನಾಟಕವನ್ನು ಬರೆದವರು ಬಿ. ಪುಟ್ಟಸ್ವಾಮಯ್ಯನವರು. ಮುಂದೆ ಬಸವಣ್ಣನವರ ಕಾಲವನ್ನು ಕುರಿತ ಕಾದಂಬರಿಮಾಲೆಯನ್ನು ಬರೆದು, ಅದರಲ್ಲಿ 'ಕ್ರಾಂತಿ ಕಲ್ಯಾಣ'ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೂ ಇವರೇ. ನಮ್ಮ ಮನೆಗಳ ಕಪಾಟಿನಲ್ಲಿರುವ ಆ ಕಾದಂಬರಿಯ ಹಿಂದೆ ಕಂಪನಿ ನಾಟಕಗಳಿಗೆ ಮಾತು ಹೊಸೆದ ಲೇಖನಿಯ ಪಳಗುವಿಕೆಯಿದೆ ಎಂಬುದನ್ನು ಓದುಗರು ಗಮನಿಸಬೇಕು.

ಸಿನಿಮಾ ಎಂಬ ಹೊಸ ಕಲೆ ಬಂದಾಗ ನಾಟಕದವರಲ್ಲಿ ಹಲವರು ಅದನ್ನು ಶತ್ರುವೆಂದು ಬಗೆದರು. ವೀರಣ್ಣನವರು ಹಾಗೆ ಬಗೆಯಲಿಲ್ಲ. ಚಿತ್ರಗಳಿಗೆ ಇನ್ನೂ ಮಾತು ಬಾರದ ದಿನಗಳಲ್ಲಿಯೇ ಆ ಕ್ಷೇತ್ರಕ್ಕೆ ಕಾಲಿಟ್ಟು, 1931ರ 'ಹಿಸ್ ಲವ್ ಅಫೇರ್' ಎಂಬ ಮೂಕಿಚಿತ್ರದಲ್ಲಿ ನಟಿಸಿದರು. ಅದನ್ನು ನಿರ್ದೇಶಿಸಿದವರು ಬೆಲ್ಜಿಯಂ ದೇಶದ ರಾಫೆಲ್ ಆಲ್ಗೋಟ್. ಕನ್ನಡದಲ್ಲಿ ಮಾತಿನ ಚಿತ್ರಗಳು 1934ರಲ್ಲಿ ಆರಂಭವಾದ ಮರುವರ್ಷವೇ, ಎಂದರೆ 1935ರಲ್ಲಿ, 'ಸದಾರಮೆ' ತೆರೆಗೆ ಬಂದಿತು. ಅಲ್ಲಿಯೂ ವೀರಣ್ಣನವರು ಅದೇ ಕಳ್ಳ!

ರಂಗದ ಹಾಸ್ಯನಟನಿಗೆ ಚಿತ್ರೀಕರಣದ ಮನೆ ಒಂದು ಅಗ್ನಿಪರೀಕ್ಷೆಯೇ ಸರಿ. ನಾಟಕದಲ್ಲಿ ಪ್ರೇಕ್ಷಕನು ನಗುವವರೆಗೆ ಕಾಯಬಹುದು, ನಗು ಅಡಗುವ ಹೊತ್ತಿಗೆ ಮುಂದಿನ ಮಾತನ್ನು ಎಸೆಯಬಹುದು, ಆ ಊರಿನ ಸುದ್ದಿಯೊಂದನ್ನು ಅಲ್ಲಿಯೇ ಸೇರಿಸಿಕೊಳ್ಳಬಹುದು. ಕ್ಯಾಮರಾದ ಮುಂದೆ ನಗುವವರಾರೂ ಇಲ್ಲ. ಸದ್ದು ಮಾಡಬಾರದೆಂಬ ಕಟ್ಟಪ್ಪಣೆಯ ನಡುವೆ, ನಾಳೆ ಎಲ್ಲಿಯೋ ಕುಳಿತು ನೋಡುವವನು ಎಲ್ಲಿ ನಗುತ್ತಾನೆಂದು ಊಹಿಸಿಯೇ ಮಾತನಾಡಬೇಕು. ಸಾವಿರಾರು ಜನರ ನಗೆಯನ್ನು ಕಿವಿಯಲ್ಲಿ ತುಂಬಿಕೊಂಡವನಿಗೆ ಮಾತ್ರ ಆ ಊಹೆ ಸಾಧ್ಯ.

ಮುಂದೆ ಸಾಲುಸಾಲಾಗಿ ಚಿತ್ರಗಳು ಬಂದವು. 1941ರಲ್ಲಿ 'ಸುಭದ್ರಾ', 1942ರಲ್ಲಿ ಅ.ನ.ಕೃ. ಅವರ ಬರವಣಿಗೆಯ 'ಜೀವನ ನಾಟಕ', 1945ರಲ್ಲಿ 'ಹೇಮರೆಡ್ಡಿ ಮಲ್ಲಮ್ಮ', 1953ರಲ್ಲಿ 'ಗುಣಸಾಗರಿ'. ಇವುಗಳಲ್ಲಿ 'ಹೇಮರೆಡ್ಡಿ ಮಲ್ಲಮ್ಮ' ನಮ್ಮ ಮನೆಮಂದಿಗೆ ಹತ್ತಿರವಾದ ಕಥೆ. ಅತ್ತೆ ಮನೆಯ ಕಷ್ಟಗಳನ್ನು ಶ್ರೀಶೈಲ ಮಲ್ಲಿಕಾರ್ಜುನನ ಭಕ್ತಿಯಿಂದ ಗೆದ್ದ ಆ ಸಾಧ್ವಿಯ ಪಾತ್ರದಲ್ಲಿ ಜಯಮ್ಮನವರು ಅಭಿನಯಿಸಿದರು. ಹೊನ್ನಪ್ಪ ಭಾಗವತರಂಥ ಗಾಯಕನಟರು ಈ ಚಿತ್ರಗಳಲ್ಲಿ ಪ್ರಮುಖ ಪಾತ್ರಗಳನ್ನು ವಹಿಸಿದರು. ಹಾಡುವ ನಾಯಕನ ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟು, ಬಂಡವಾಳದ ಭಾರವನ್ನೂ ಪೋಷಕ ಪಾತ್ರಗಳನ್ನೂ ವೀರಣ್ಣನವರು ಹೊತ್ತರು.

ಸತ್ಯಶುದ್ಧವಾದ ದುಡಿಮೆ

ಕಾಯಕಕ್ಕೆ ಎರಡನೆಯ ಪರೀಕ್ಷೆ ಸತ್ಯಶುದ್ಧತೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದೆಂದು ಲಕ್ಕಮ್ಮನವರು ಮರಳಿ ಕಳುಹಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ನಟನಿಗೆ ಈ ನಿಯಮ ಹೇಗೆ ಅನ್ವಯಿಸುತ್ತದೆ? ಹಾಸ್ಯನಟನಿಗೆ ಸಲ್ಲದ ಅಕ್ಕಿ ಎಂದರೆ ಅಗ್ಗದ ನಗೆ. ದ್ವಂದ್ವಾರ್ಥದ ಒಂದು ಮಾತಿಗೆ, ಅಂಗವಿಕಲನೊಬ್ಬನ ಅಣಕಕ್ಕೆ, ಒಂದು ಜಾತಿಯ ಹೀಯಾಳಿಕೆಗೆ ಜನ ಕೂಡಲೇ ನಗುತ್ತಾರೆ. ಗಲ್ಲಾಪೆಟ್ಟಿಗೆಯೂ ತುಂಬುತ್ತದೆ. ಹೆಣ್ಣುಮಕ್ಕಳು, ವಯಸ್ಸಾದವರು, ಕೂಸುಗಳು ಒಂದೇ ಸಾಲಿನಲ್ಲಿ ಕುಳಿತು ನೋಡುವ ಕಂಪನಿಗೆ ಆ ದಾರಿ ಒಗ್ಗುವುದಿಲ್ಲ. ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಬುತ್ತಿಯೊಡನೆ ಬಂದು ನೋಡುವ ಆಟಗಳೆಂಬ ಹೆಸರು ಗುಬ್ಬಿ ಕಂಪನಿಯ ದೊಡ್ಡ ಆಸ್ತಿಯಾಗಿತ್ತು.

ಒಂದೇ ಪಾತ್ರವನ್ನು ವರ್ಷಗಟ್ಟಲೆ ಮಾಡುವವನಿಗೆ ಬೇಸರವೆಂಬ ಇನ್ನೊಂದು ಶತ್ರುವಿದೆ. ನಿನ್ನೆ ನಕ್ಕ ಮಾತಿಗೇ ಇಂದೂ ನಗಿಸಬೇಕು. ನೋಡುವವನಿಗೆ ಅದು ಮೊದಲ ಸಲ, ಆಡುವವನಿಗೆ ನೂರನೆಯ ಸಲ. ನಿತ್ಯವೂ ಅದೇ ಲಿಂಗವನ್ನು, ಅದೇ ಕ್ರಮದಲ್ಲಿ, ಮೊದಲ ದಿನದ ಶ್ರದ್ಧೆಯಿಂದ ಪೂಜಿಸಬೇಕಾದ ನಮಗೆ ಈ ಕಷ್ಟದ ಪರಿಚಯವಿದೆ. ಅಭ್ಯಾಸವು ಯಾಂತ್ರಿಕವಾದ ಕ್ಷಣದಲ್ಲಿ ಪೂಜೆಯೂ ಸಪ್ಪೆ, ಅಭಿನಯವೂ ಸಪ್ಪೆ.

ದಾಸೋಹದ ಲೆಕ್ಕ

ಮೂರನೆಯ ಪರೀಕ್ಷೆ ದಾಸೋಹ. ದುಡಿದದ್ದು ಯಾರಿಗೆ ಸಂದಿತು ಎಂಬ ಪ್ರಶ್ನೆ. ಕಂಪನಿಯೆಂದರೆ ಊರಿಂದೂರಿಗೆ ಸಾಗುವ ಒಂದು ದೊಡ್ಡ ಸಂಸಾರ. ನಟರು, ಗಾಯಕರು, ಪರದೆ ಬರೆಯುವವರು, ಬಣ್ಣ ಹಚ್ಚುವವರು, ಅಡಿಗೆಯವರು, ಅವರ ಮಕ್ಕಳುಮರಿ ಎಲ್ಲರೂ ಒಂದೇ ಬೀಡಿನಲ್ಲಿ ಇರಬೇಕು. ಮಳೆ ಹಿಡಿದು ಆಟ ನಿಂತರೂ ಒಲೆ ನಿಲ್ಲಿಸುವಂತಿಲ್ಲ.

ಆ ಸಂಸಾರದಲ್ಲಿ ಬೆಳೆದವರ ಹೆಸರುಗಳನ್ನು ನೋಡಿದರೆ ಲೆಕ್ಕ ತಾನೇ ತಿಳಿಯುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಮಗ ಮುತ್ತುರಾಜ ಬಾಲಕನಾಗಿಯೇ ಅಲ್ಲಿ ಬಣ್ಣ ಹಚ್ಚಿದರು. ದಕ್ಷಿಣ ಕನ್ನಡದ ಬಾಬುಕೋಡಿಯ ಹುಡುಗನೊಬ್ಬ ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದನು. ಆ ಹುಡುಗನ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಮುಂದೆ ಅವನನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಅವರೇ ಬಿ.ವಿ. ಕಾರಂತರು. ಭಾರತದ ಆಧುನಿಕ ರಂಗಭೂಮಿಗೆ ಹೊಸ ದಿಕ್ಕು ತೋರಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದವರು. ತನ್ನಲ್ಲಿ ದುಡಿಯುವ ಹುಡುಗನನ್ನು ಓದಲೆಂದು ದೂರದ ಊರಿಗೆ ಕಳುಹಿಸುವ ಮಾಲೀಕರು ಎಷ್ಟು ಮಂದಿ ಇದ್ದಾರೆ? ಓದಿದವನು ಮರಳಿ ಬಂದು ತನ್ನ ಕಂಪನಿಯನ್ನೇ ಸೇರುತ್ತಾನೆಂಬ ಭರವಸೆ ಎಲ್ಲಿಯೂ ಇರುವುದಿಲ್ಲ. ಫಲವನ್ನು ತನಗಾಗಿ ಎಣಿಸದೆ ಕೊಡುವುದಕ್ಕೇ ಶರಣರು ದಾಸೋಹವೆಂದು ಕರೆದರು.

1954ರಲ್ಲಿ ಗುಬ್ಬಿ ಸಂಸ್ಥೆಯವರು ನಿರ್ಮಿಸಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ತೆರೆಕಂಡಿತು. ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ, ಹರಿಹರ ಕವಿಯು ರಗಳೆಯಲ್ಲಿ ಕೊಂಡಾಡಿದ ಕಣ್ಣಪ್ಪನ ಕಥೆಯದು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಪಾತ್ರಕ್ಕೆ ಆಯ್ಕೆಯಾದವರು ಅದೇ ಮುತ್ತುರಾಜ, ರಾಜಕುಮಾರ್ ಎಂಬ ಹೊಸ ಹೆಸರಿನಲ್ಲಿ. ಕನ್ನಡಿಗರ ಮನೆಮನೆಯ ಅಣ್ಣನಾದ ನಟನೊಬ್ಬ ಶಿವಭಕ್ತನ ವೇಷದಲ್ಲಿಯೇ ನಾಯಕನಾಗಿ ಮೊದಲು ಕಾಣಿಸಿಕೊಂಡದ್ದು ನಮಗೆಲ್ಲ ಸಂತೋಷದ ವಿಷಯ. ಮುಂದೆ 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರವನ್ನು ನಿರ್ದೇಶಿಸಿದ ಜಿ.ವಿ. ಅಯ್ಯರ್ ಅವರೂ, ತಿಪಟೂರಿನ ನರಸಿಂಹರಾಜು ಅವರೂ ಆ ಚಿತ್ರದಲ್ಲಿದ್ದರು. ನರಸಿಂಹರಾಜು 1979ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ಜನತೆಯನ್ನು ನಗಿಸುತ್ತಲೇ ಇದ್ದರು. ವೀರಣ್ಣನವರ ನಗೆಯ ಕಾಯಕ ಹೀಗೆ ಅದೇ ತುಮಕೂರು ಸೀಮೆಯ ಮತ್ತೊಬ್ಬರ ಕೈಗೆ ಸಂದಿತು.

ಮನ್ನಣೆ ಮತ್ತು ಮುಂದಿನ ತಲೆಮಾರು

1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ವೀರಣ್ಣನವರನ್ನು ಗೌರವಿಸಿತು. 1972ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನು ನೀಡಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು. ನಾಟಕದವನಿಗೆ ಮನೆ ಬಾಡಿಗೆಗೆ ಕೊಡದ ಕಾಲದಲ್ಲಿ ಹುಟ್ಟಿದ ಹುಡುಗನು ರಾಷ್ಟ್ರದ ಗೌರವವನ್ನು ಪಡೆದು ಕಣ್ಮುಚ್ಚಿದನೆಂಬುದು ಒಬ್ಬ ವ್ಯಕ್ತಿಯ ಏಳಿಗೆಯಷ್ಟೇ ಆಗಿರದೆ ಇಡೀ ವೃತ್ತಿಗೇ ದೊರೆತ ಮರ್ಯಾದೆಯಾಗಿತ್ತು. ಇಂದು ಕರ್ನಾಟಕ ಸರ್ಕಾರವು ರಂಗಭೂಮಿಯ ಹಿರಿಯರಿಗೆ ಅವರ ಹೆಸರಿನಲ್ಲಿಯೇ ಪ್ರಶಸ್ತಿಯನ್ನು ನೀಡುತ್ತಿದೆ.

ಆನೆ ಕುದುರೆಗಳ ಆ ದೊಡ್ಡ ಕಂಪನಿ ಈಗ ಇಲ್ಲ. ಆದರೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ತಮ್ಮ ತಂಡದಿಂದ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದರು. ಆ ನಾಟಕದಲ್ಲಿ ಅವರು ತಮಗಾಗಿ ಆರಿಸಿಕೊಂಡ ಪಾತ್ರ ಯಾವುದು ಗೊತ್ತೇ? ಕಳ್ಳನದು! ಅಜ್ಜನ ವೇಷವನ್ನು ಮೊಮ್ಮಗಳು ಧರಿಸಿದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, 2013ರಲ್ಲಿ ಪದ್ಮಶ್ರೀ ಪಡೆದವರು ಅವರು. ನಾಯಕಿಯ ಪಾತ್ರವನ್ನು ಬೇರೆಯವರಿಗೆ ಬಿಟ್ಟು ಕಳ್ಳನನ್ನು ಆರಿಸಿಕೊಂಡದ್ದರಲ್ಲಿ ಆ ಮನೆಯ ಸಂಸ್ಕಾರ ಕಾಣುತ್ತದೆ.

ಈ ಮೂರು ಪರೀಕ್ಷೆಗಳ ಬೆಳಕಿನಲ್ಲಿ ನೋಡಿದರೆ 'ಕಲೆಯೇ ಕಾಯಕ' ಎಂಬ ಹೆಸರು ಆ ಬದುಕಿಗೆ ಒಪ್ಪುವಂಥದ್ದೇ ಎಂದು ನಾವು ನಿಸ್ಸಂಕೋಚವಾಗಿ ಹೇಳಬಹುದು. ನಗೆಮಾರಿತಂದೆಯವರನ್ನು ತಮ್ಮೊಡನೆ ಕೂರಿಸಿಕೊಂಡ ಶರಣರ ಮಾತು 20ನೆಯ ಶತಮಾನದಲ್ಲಿ ಗುಬ್ಬಿಯ ನಟನೊಬ್ಬನಲ್ಲಿ ಮತ್ತೆ ನಿಜವಾಯಿತು.

ನಮ್ಮ ಕುಟುಂಬಗಳ ತಾಯಿತಂದೆಯರಲ್ಲಿ ಒಂದು ಅರಿಕೆ. ಮಗುವು ಶಾಲೆಯ ವಾರ್ಷಿಕೋತ್ಸವದಿಂದ ಮರಳಿ ಬಂದು, ನನಗೆ ಸೇವಕನ ಪಾತ್ರ ಕೊಟ್ಟಿದ್ದಾರೆಂದು ಕಣ್ಣೀರು ಹಾಕಿದರೆ, ಶಿಕ್ಷಕರಲ್ಲಿಗೆ ಹೋಗಿ ರಾಜನ ಪಾತ್ರ ಕೇಳಬೇಡಿ. ಹತ್ತಿರ ಕೂರಿಸಿಕೊಂಡು ಕಂಪನಿಯ ಒಡೆಯನೇ ಕಳ್ಳನಾದ ಕಥೆಯನ್ನು ಹೇಳಿ. ಬೆಳೆದ ಮಗನೋ ಮಗಳೋ ರಂಗಭೂಮಿಯನ್ನು, ಚಿತ್ರರಂಗವನ್ನು ಜೀವನೋಪಾಯವಾಗಿ ಆರಿಸಿಕೊಂಡರೆ ಮನೆತನದ ಮಾನ ಹೋಯಿತೆಂದು ಕೊರಗಬೇಡಿ. ಆ ದುಡಿಮೆ ಸತ್ಯಶುದ್ಧವಾಗಿದೆಯೇ, ಅದರ ಫಲದಲ್ಲಿ ನಾಲ್ಕು ಜನರಿಗೆ ಪಾಲಿದೆಯೇ ಎಂದಷ್ಟೇ ಕೇಳಿ. ಅವೆರಡೂ ಇದ್ದಲ್ಲಿ ಬಣ್ಣ ಹಚ್ಚಿದ ಮುಖವೂ ವಿಭೂತಿ ಧರಿಸಿದ ಮುಖದಷ್ಟೇ ಪವಿತ್ರವಾದುದು.

ಗುಬ್ಬಿಗೆ ಹೋದಾಗ ಗೋಸಲ ಚನ್ನಬಸವೇಶ್ವರರ ಸನ್ನಿಧಿಯಲ್ಲಿ ಕೈಮುಗಿಯುವ ಭಕ್ತರು, ಆ ಹೆಸರನ್ನು ಹೊತ್ತು ಊರೂರು ಸುತ್ತಿ ನಾಡನ್ನೇ ನಗಿಸಿದ ಆ ಹಿರಿಯ ಜೀವವನ್ನೂ ಒಮ್ಮೆ ನೆನೆಯಲಿ.